ಪಾಕ ಇಳಿಸುವ ಮಾತು ಯಾರದು?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದು ಬೆಲ್ಲದ ವ್ಯವಹಾರ. ಅಪ್ಪನ ಕಾಲದಲ್ಲಿ ಆಲೆಮನೆ, ಎಂಟು ಜನ ಕೆಲಸಗಾರರು. ಈಗ ಬೆಲ್ಲದ ಪುಡಿ, ಅಚ್ಚು ಬೆಲ್ಲ ಪ್ಯಾಕ್ ಮಾಡಿ ಮೈಸೂರು, ಬೆಂಗಳೂರಿಗೆ ಕಳಿಸುತ್ತೇವೆ. ಒಟ್ಟು 46 ಜನ ಇದ್ದಾರೆ. ಪ್ಯಾಕಿಂಗ್‌ನಲ್ಲೇ 22 ಹೆಣ್ಣುಮಕ್ಕಳು. ನಾನು, ನನ್ನ ತಮ್ಮ ಪಾಲುದಾರರು. ಅಪ್ಪ ಈಗಲೂ ದಿನಾ ಬರುತ್ತಾರೆ. 14 ಜನ ಎಲ್ಲದಕ್ಕೂ ನೇರ ನನ್ನ ಹತ್ತಿರವೇ ಬರುತ್ತಾರೆ, ಊಟ ಮಾಡುವಾಗಲೂ ಫೋನ್. ಎಂಬಿಎ ಓದಿದ ಮ್ಯಾನೇಜರ್ ಒಬ್ಬರನ್ನು ಇಟ್ಟುಕೊಂಡೆವು. ಅವರು ಕೊಡದ ರಜೆಯನ್ನು ಕೆಲಸದವರು ತಮ್ಮನ ಹತ್ತಿರ ಕೇಳಿ ಪಡೆದರು ಅಂತ ಜಗಳ ಆಯಿತು. ಎಂಟೇ ತಿಂಗಳಿಗೆ ಬಿಟ್ಟು ಹೋದರು. ಯಾರ ಕೆಳಗೆ ಯಾರು ಅಂತ ನಾನೇ ಕೂತು ಬರೆದ ಚಾರ್ಟ್ ಕಳಿಸಿದ್ದೇನೆ. ಬೆಂಗಳೂರಿನ ಸ್ಟಾರ್ಟಪ್‌ನಲ್ಲಿರುವ ಅಕ್ಕನ ಮಗ "ಚಾರ್ಟೇ ಬೇಡ ಮಾವ, ಈಗೆಲ್ಲ ಫ್ಲಾಟ್, ಮೇಲಿನವರು ಕೆಳಗಿನವರು ಅಂತಿಲ್ಲ" ಅನ್ನುತ್ತಾನೆ. ಯಾವುದು ಸರಿ? ಇನ್ನೊಬ್ಬ ಮ್ಯಾನೇಜರ್ ಬೇಕಾ?

ಉತ್ತರ: ನಿಮ್ಮ ಚಾರ್ಟ್ ನೋಡಿದೆ. ಹನ್ನೊಂದು ಡಬ್ಬ ಬರೆದಿದ್ದೀರಿ. ನಾಲ್ಕರಲ್ಲಿ ನಿಮ್ಮ ಹೆಸರು, ಮೂರರಲ್ಲಿ ತಮ್ಮನ ಹೆಸರು. ಒಂದರಲ್ಲಿ ಲೆಕ್ಕದವರು, ಒಂದರಲ್ಲಿ ಪಾಕದ ಮೇಸ್ತ್ರಿ. ಎರಡು ಖಾಲಿ. ಬೇಜಾರು ಮಾಡ್ಕೋಬೇಡಿ, ನೋಡಿ ನಗು ಬಂತು. ಚಿಕ್ಕದೇವರಾಜ ಒಡೆಯರು ಇಡೀ ಮೈಸೂರು ರಾಜ್ಯದ ಆಡಳಿತವನ್ನು ಹಂಚಿದ್ದು 18 ಕಚೇರಿಗಳಾಗಿ. ಅಠಾರ ಕಚೇರಿ ಅನ್ನುವ ಹೆಸರು ಬಂದದ್ದು ಹಾಗೆ. ರಾಜ್ಯಕ್ಕೇ 18 ಸಾಕಾದರೆ, 46 ಜನರ ಬೆಲ್ಲದ ಘಟಕಕ್ಕೆ 11 ಸ್ವಲ್ಪ ಜಾಸ್ತಿ ಅಲ್ವಾ?

ಇರಲಿ. ಡಬ್ಬ ಎಷ್ಟು ಅನ್ನುವುದು ಆಮೇಲಿನ ಮಾತು. ಮೊದಲು ನಿಮ್ಮ ಅಪ್ಪನ ಆಲೆಮನೆಯನ್ನು ನೆನಪಿಸಿಕೊಳ್ಳಿ. ಗಾಣಕ್ಕೆ ಕಬ್ಬು ಕೊಡುವವನು ಒಬ್ಬ. ಒಲೆ ಬಾಯಲ್ಲಿ ಕೂತು ಒಣಗಿದ ಸಿಪ್ಪೆ ತಳ್ಳುವವನು ಒಬ್ಬ. ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವವನು ಇನ್ನೊಬ್ಬ. ಯಾರ ಅಂಗಿಯ ಮೇಲೂ ಪದವಿ ಬರೆದಿರಲಿಲ್ಲ. ಆದರೆ ಪಾಕ ನೋಡುವವನು "ಇಳಿಸ್ರಪ್ಪಾ" ಅಂದರೆ ಮುಗೀತು. ಯಜಮಾನರು ಪಕ್ಕದಲ್ಲೇ ನಿಂತಿದ್ದರೂ "ಇನ್ನೈದು ನಿಮಿಷ ಇರಲಿ ಬಿಡೋ" ಅನ್ನುತ್ತಿರಲಿಲ್ಲ. ಅಂದಿದ್ದರೆ ಆ ಕೊಪ್ಪರಿಗೆ ಸೀದು ಹೋಗುತ್ತಿತ್ತು. ನಷ್ಟ ಅವರದೇ.

ನೀವು ಕೇಳುತ್ತಿರುವ ಶ್ರೇಣಿ, ಹೈರಾರ್ಕಿ, ಏನೇ ಅನ್ನಿ, ಅದು ಇಷ್ಟೇ. ಯಾವ ವಿಷಯದಲ್ಲಿ ಕೊನೆಯ ಮಾತು ಯಾರದು ಅಂತ ಎಲ್ಲರಿಗೂ ಗೊತ್ತಿರಬೇಕು. ಆ ಮಾತನ್ನು ಯಜಮಾನರೂ ದಾಟಬಾರದು. ಮೊದಲನೆಯದನ್ನು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದು. ಎರಡನೆಯದಕ್ಕೆ ವರ್ಷ ಹಿಡಿಯುತ್ತದೆ. ನಾನು ನೋಡಿದ ಕಡೆಯೆಲ್ಲ ಏಣಿ ಮುರಿದದ್ದು ಮೇಲೆ ಕೂತವರಿಂದಲೇ.

ಎಂಟು ಜನರಿದ್ದಾಗ ಇದನ್ನೆಲ್ಲ ಬರೆಯುವ ಅಗತ್ಯ ಇರಲಿಲ್ಲ. ಒಂದೇ ಸೂರು. ಕೂಗಿದರೆ ಕೇಳುತ್ತಿತ್ತು. 46 ಆದಾಗ ಹಾಗಾಗುವುದಿಲ್ಲ. ನೀವು ಕೆಲಸ ಕಡಿಮೆ ಮಾಡುತ್ತಿದ್ದೀರಿ ಅಂತ ಅಲ್ಲ, ಅಳತೆ ಬದಲಾಗಿದೆ. 1850ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ಅಂಡ್ ಈರಿ ರೈಲ್ವೆಗೂ ಇದೇ ಆಗಿತ್ತು. ಲೈನು ಉದ್ದ ಆದಷ್ಟೂ ಮೈಲಿ ಲೆಕ್ಕದಲ್ಲಿ ಖರ್ಚು ಇಳಿಯಬೇಕಿತ್ತು. ಅದು ಚಿಕ್ಕ ಲೈನುಗಳಿಗಿಂತ ಜಾಸ್ತಿಯೇ ಬರುತ್ತಿತ್ತು. ಅಲ್ಲಿನ ಸೂಪರಿಂಟೆಂಡೆಂಟ್ ಡೇನಿಯಲ್ ಮೆಕಲಮ್ ಕಾರಣ ಹುಡುಕಿದರು. 50 ಮೈಲಿಯ ಲೈನನ್ನು, ಅಂದರೆ ಹೆಚ್ಚು ಕಡಿಮೆ ಮೈಸೂರಿನಿಂದ ಚನ್ನಪಟ್ಟಣದಷ್ಟು ದೂರವನ್ನು, ಒಬ್ಬ ಅಧಿಕಾರಿ ಖುದ್ದಾಗಿ ಓಡಾಡಿ ನೋಡಿಕೊಳ್ಳಬಹುದು. ಪ್ರತಿಯೊಬ್ಬ ಕೆಲಸಗಾರನ ಮುಖ ಪರಿಚಯ ಇರುತ್ತದೆ. 500 ಮೈಲಿಗೆ ಅದು ನಡೆಯಲ್ಲ. ಹಾಗಾಗಿ ಅವರು ಲೈನನ್ನು ಭಾಗ ಮಾಡಿದರು. ಒಂದೊಂದು ಭಾಗಕ್ಕೆ ಒಬ್ಬೊಬ್ಬರನ್ನು ಹೊಣೆ ಮಾಡಿದರು. ಯಾರು ಯಾರಿಗೆ ವರದಿ ಕೊಡಬೇಕು ಅಂತ 1855ರಲ್ಲಿ ಚಿತ್ರ ಬರೆಸಿದರು. ಮೊದಲ ಆಧುನಿಕ ಚಾರ್ಟ್ ಅಂತ ಸಾಮಾನ್ಯವಾಗಿ ತೋರಿಸುವುದು ಅದನ್ನೇ. ನನಗೆ ಇಷ್ಟವಾದ ಸಂಗತಿ ಏನು ಗೊತ್ತಾ? ಅದು ಮರದ ಹಾಗಿದೆ. ನಿರ್ದೇಶಕರು, ಅಧ್ಯಕ್ಷರು ಕೆಳಗೆ ಬೇರಿನ ಜಾಗದಲ್ಲಿ. ಮೇಲೆ ಹರಡಿದ ಕೊಂಬೆಗಳಲ್ಲಿ ಕೆಲಸದವರು. ಯಜಮಾನರನ್ನು ತುದಿಯಲ್ಲಿ ಕೂರಿಸುವ ಅಭ್ಯಾಸ ಆಮೇಲೆ ಬಂದದ್ದು.

ನಿಮ್ಮ ಹತ್ತಿರ 14 ಜನ ಬರುತ್ತಾರೆ ಅಂದಿರಿ. 1933ರಲ್ಲಿ ಗ್ರೈಕುನಾಸ್ ಎಂಬ ಸಲಹೆಗಾರರು ಇದಕ್ಕೊಂದು ಲೆಕ್ಕ ಹಾಕಿದ್ದರು. ಮೇಲಿನವರು ಬರೀ ಒಬ್ಬೊಬ್ಬರನ್ನು ನೋಡಿಕೊಂಡರೆ ಸಾಲದು. ಆ ಜನರ ಜೋಡಿಗಳು, ಗುಂಪುಗಳು, ಅವರವರ ನಡುವಿನ ಸಂಬಂಧ, ಎಲ್ಲ ತಲೆಯಲ್ಲಿ ಇರಬೇಕು. ಐದು ಜನರಿದ್ದರೆ ಇಂಥ ಸಂಬಂಧಗಳು 100. ಇನ್ನೊಬ್ಬರು ಸೇರಿದರೆ 222. ಎಂಟಾದರೆ 1,080. ನಿಮ್ಮ 14ಕ್ಕೆ ಅದೇ ಸೂತ್ರ ಹಾಕಿದೆ, 1,14,870 ಬಂತು! ಇದು ಕಾಗದದ ಮೇಲಿನ ಲೆಕ್ಕ, ಅಷ್ಟೂ ನಿಜವಾಗಿ ನಡೆಯುವುದಿಲ್ಲ. ಆದರೂ ಒಬ್ಬರು ಸೇರಿದಾಗ ತಲೆನೋವು ಒಂದು ಪಾಲಲ್ಲ, ದುಪ್ಪಟ್ಟು ಆಗುತ್ತದೆ ಅನ್ನುವುದು ನಿಮ್ಮ ಅನುಭವಕ್ಕೂ ಬಂದಿರಬೇಕು.

ಹಾಗಾದರೆ ಎಷ್ಟು ಜನ ಸರಿ? ಕೆಲಸ ನೋಡಿ ಹೇಳಬೇಕು. ಪ್ಯಾಕಿಂಗ್‌ನಲ್ಲಿ 22 ಜನರದೂ ಒಂದೇ ಕೆಲಸ. ತೂಕ, ಸೀಲು, ಡಬ್ಬಿ. ಅನುಭವ ಇರುವ ಒಬ್ಬ ಹೆಣ್ಣುಮಗಳು ಅಷ್ಟೂ ಜನರನ್ನು ಆರಾಮಾಗಿ ನೋಡಿಕೊಳ್ಳುತ್ತಾಳೆ. ನಿಮ್ಮ ಹತ್ತಿರ ಬರುವವರದು ಒಬ್ಬೊಬ್ಬರದು ಒಂದೊಂದು ಕಥೆ. ಕಬ್ಬಿನ ರೈತ, ಲಾರಿ, ಬ್ಯಾಂಕು, ಅಂಗಡಿಯವರ ಬಾಕಿ. ಅಂಥದ್ದಕ್ಕೆ ಐದಾರು ಜನ ಮೀರಬಾರದು.

ಈಗ ಇಬ್ಬರು ಯಜಮಾನರ ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮೈಸೂರಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಒಂದು ದಿನ ಬೆಳಗ್ಗೆ ವರ್ಕ್ಸ್ ಮ್ಯಾನೇಜರ್ ಬಂದು ಒಂದು ಆರ್ಡರ್ ಮೊದಲು ಓಡಿಸು ಅಂದರು. ಅರ್ಧ ಗಂಟೆಗೆ ಮಾಲೀಕರ ಅಳಿಯ ಬಂದರು. ಅದನ್ನು ನಿಲ್ಲಿಸಿ ಇನ್ನೊಂದು ಹಾಕು ಅಂದರು. ನಿಲ್ಲಿಸಿದೆ. ಮಧ್ಯಾಹ್ನ ಮ್ಯಾನೇಜರ್ ಮತ್ತೆ ಬಂದು ಕೂಗಾಡಿದರು. ಮತ್ತೆ ಬದಲಾಯಿಸಿದೆ. ಸಂಜೆ ಎರಡು ಲಾರಿ ಖಾಲಿ ನಿಂತಿದ್ದವು. ಮೆಮೊ ಬಂದದ್ದು ನನಗೆ. ಅದರ ಮೇಲೆ ಇಬ್ಬರ ಸಹಿಯೂ ಇತ್ತು. ಆ ಇಡೀ ದಿನದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದಕ್ಕೇ.

ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಒಂದು ಕೆಲಸಕ್ಕೆ ಒಬ್ಬನಿಗೆ ಒಬ್ಬರಿಂದ ಮಾತ್ರ ಅಪ್ಪಣೆ. ಅವರ ಇನ್ನೊಂದು ಮಾತನ್ನು ಜನ ಮರೆತುಬಿಡುತ್ತಾರೆ. ಎಲ್ಲ ವಿಷಯವೂ ಏಣಿ ಹತ್ತಿ ಇಳಿಯಬೇಕಿಲ್ಲ. ಒಂದೇ ಮಟ್ಟದಲ್ಲಿರುವ ಇಬ್ಬರು ನಡುವೆ ಹಲಗೆ ಹಾಕಿಕೊಂಡು ನೇರ ಮಾತಾಡಬಹುದು. ಅವರವರ ಮೇಲಿನವರಿಗೆ ಅದು ಗೊತ್ತಿರಬೇಕು, ಅಷ್ಟೇ. ನಿಮ್ಮಲ್ಲಿ ಲಾರಿ ಲೋಡ್ ಮಾಡಿಸುವವರು ಪ್ಯಾಕಿಂಗ್‌ಗೆ "ಇವತ್ತು ಎಷ್ಟು ಡಬ್ಬಿ ರೆಡಿ?" ಅಂತ ಕೇಳಲು ನಿಮಗೆ ಫೋನ್ ಮಾಡುತ್ತಾರೆ ಅಲ್ವಾ? ಆ ಹಲಗೆ ಹಾಕಿಬಿಡಿ. ಅರ್ಧ ಫೋನ್ ಅಲ್ಲೇ ನಿಲ್ಲುತ್ತದೆ.

ಒಂದು ಕಡೆ ನಿಜವಾದ ಬಾಸ್ ಯಾರು ಅಂತ ತಿಳಿಯಲು ನಾನು ಚಾರ್ಟ್ ನೋಡುವುದಿಲ್ಲ. ಅಡ್ವಾನ್ಸ್ ಯಾರ ಹತ್ತಿರ ಕೇಳುತ್ತಾರೆ ಅಂತ ನೋಡುತ್ತೇನೆ. ಮಗಳ ಸೀಮಂತ, ಊರಹಬ್ಬ, ಆಸ್ಪತ್ರೆ ಖರ್ಚು, ಇಂಥದ್ದಕ್ಕೆ ಎರಡು ಸಾವಿರ ಬೇಕಾದಾಗ ಕಾಲು ಯಾವ ಕಡೆ ನಡೆಯುತ್ತದೋ ಅಧಿಕಾರ ಅಲ್ಲಿದೆ. ಉಳಿದದ್ದು ಬರೀ ಬೋರ್ಡು. ನಿಮ್ಮ ಮ್ಯಾನೇಜರ್ ಹತ್ತಿರ ಯಾರಾದರೂ ಅಡ್ವಾನ್ಸ್ ಕೇಳಿದ್ದರಾ? ಕೇಳಿದ್ದರೆ ಕೊಡುವ ಅಧಿಕಾರ ಅವರಿಗಿತ್ತಾ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಇರಲಿಲ್ಲ ಅಂತಲೇ ನನ್ನ ಊಹೆ. ರಜೆ ಇಲ್ಲ ಅನ್ನುವ ಕೆಟ್ಟ ಕೆಲಸ ಅವರದು, ಹೋಗಿ ಬಾಮ್ಮ ಅನ್ನುವ ಒಳ್ಳೆಯ ಕೆಲಸ ನಿಮ್ಮ ತಮ್ಮನದು. ಇಂಥ ಕಡೆ ಎಂಬಿಎ ಏನು, ಯಾರು ತಾನೇ ನಿಲ್ಲುತ್ತಾರೆ?

ತಮ್ಮ ಒಳ್ಳೆಯವರೇ. ಕರುಣೆಯಿಂದಲೇ ರಜೆ ಕೊಟ್ಟಿರುತ್ತಾರೆ. ಆದರೆ ಆ ಒಂದು ದಿನದಲ್ಲಿ 46 ಜನ ಒಂದು ಪಾಠ ಕಲಿತರು: ಮ್ಯಾನೇಜರ್ ಇಲ್ಲ ಅಂದರೆ ಅದು ಇಲ್ಲ ಅಲ್ಲ. ಚಿಕ್ಕ ಯಜಮಾನರ ಹತ್ತಿರ ಹೋಗಬಹುದು. ಅವರೂ ಇಲ್ಲ ಅಂದರೆ ಗೇಟಿನ ಹತ್ತಿರ ದೊಡ್ಡ ಯಜಮಾನರು, ನಿಮ್ಮ ಅಪ್ಪ, ಕೂತಿದ್ದಾರೆ.

ಮುಂದೆ ಯಾರಾದರೂ ಹಾಗೆ ಬಂದರೆ ಒಂದೇ ಪ್ರಶ್ನೆ ಕೇಳಿ. "ಸೂಪರ್‌ವೈಸರ್‌ಗೆ ಹೇಳಿದ್ಯೇನಮ್ಮಾ? ಅವರು ಏನಂದ್ರು?" ಹೇಳಿಲ್ಲ ಅಂದರೆ ವಾಪಸ್ ಕಳಿಸಿ. ಹೇಳಿದ್ದಾಗಿದೆ, ಇಲ್ಲ ಅಂದರು ಅಂದರೆ, ಇಬ್ಬರನ್ನೂ ಕೂರಿಸಿಕೊಂಡು ಕೇಳಿ. ತೀರ್ಮಾನ ಬದಲಾಗಬೇಕಾದರೆ ಆ ಸೂಪರ್‌ವೈಸರ್ ಬಾಯಿಂದಲೇ ಬದಲಾಗಲಿ. ನೀವು ಹೇಳಿಕೊಟ್ಟರೂ ಪರವಾಗಿಲ್ಲ, ಆಡುವವರು ಅವರಾಗಿರಲಿ. ಮೊದಲ ಎರಡು ತಿಂಗಳು ಕಷ್ಟ. ಅಣ್ಣೋರು ಬದಲಾಗಿಬಿಟ್ಟರು ಅನ್ನುತ್ತಾರೆ. ಅನ್ನಲಿ.

ಕೆಲವು ವಿಷಯಕ್ಕೆ ಏಣಿ ಇರಲೇಬಾರದು. ಕಳ್ಳತನ, ಯಂತ್ರದ ಅಪಾಯ, ಮೇಲಿನವರಿಂದಲೇ ಕಿರುಕುಳ. ಇವಕ್ಕೆ ಬಾಗಿಲು ನೇರ ತೆಗೆದಿರಲಿ. ಇನ್ನೊಂದು ವಿಷಯ, ಇದು ಕಾನೂನು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಒಂದು ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು. ನಿಮ್ಮ ಚಾರ್ಟಿನಲ್ಲಿ ಅದು ಕಾಣಲಿಲ್ಲ. ಬೇರೆಲ್ಲ ಬಿಟ್ಟು ಮೊದಲು ಅದನ್ನು ಮಾಡಿ.

ನೀವಿಬ್ಬರೂ ಪಾಲುದಾರರು ಅನ್ನುವುದನ್ನು ಮರೆಯಬೇಡಿ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ವ್ಯವಹಾರದ ಮಾಮೂಲಿ ಕೆಲಸದಲ್ಲಿ ಒಬ್ಬ ಪಾಲುದಾರ ಆಡಿದ ಮಾತಿಗೆ ಫರ್ಮು ಬದ್ಧ. ಕಬ್ಬಿನವರಿಗೆ ನೀವು ಒಂದು ರೇಟು, ತಮ್ಮ ಇನ್ನೊಂದು ರೇಟು ಹೇಳಿದರೆ ಎರಡಕ್ಕೂ ನೀವೇ ತಲೆ ಕೊಡಬೇಕು. ಖರೀದಿ ನನ್ನದು, ಮಾರಾಟ ಅವನದು ಅಂತ ನೀವಿಬ್ಬರೇ ಒಳಗೊಳಗೆ ಮಾತಾಡಿಕೊಂಡಿದ್ದರೆ ಹೊರಗಿನವರಿಗೆ ಅದು ಲೆಕ್ಕಕ್ಕಿಲ್ಲ. ಅವರಿಗೆ ಆ ಹಂಚಿಕೆ ಗೊತ್ತಿರಬೇಕು. ಹಾಗಾಗಿ ಪಾಲುದಾರಿಕೆ ಪತ್ರದಲ್ಲೂ ಬರೆಸಿ, ರೈತರಿಗೂ ಅಂಗಡಿಯವರಿಗೂ ಹೇಳಿ. ಅಣ್ಣ ತಮ್ಮಂದಿರ ನಡುವೆ ಕಾಗದ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಜಗಳ ಇಲ್ಲದಿರುವಾಗ ಬರೆದ ಕಾಗದ ಎರಡು ಪುಟದಲ್ಲಿ ಮುಗಿಯುತ್ತದೆ. ಜಗಳ ಆದಮೇಲೆ ಬರೆಯುವುದು ವಕೀಲರ ಆಫೀಸಿನಲ್ಲಿ.

ನಿಮ್ಮ ಅಕ್ಕನ ಮಗನ ಮಾತಿಗೆ ಬರೋಣ. ಆರೇಳು ಜನ ಒಂದೇ ಮೇಜಿನ ಸುತ್ತ ಕೂತು, ಎಲ್ಲರೂ ಒಂದೇ ಥರದ ಕೆಲಸ ಬಲ್ಲವರಾಗಿದ್ದರೆ ಫ್ಲಾಟ್ ಚೆನ್ನಾಗಿಯೇ ನಡೆಯುತ್ತದೆ. ಆಲೆಮನೆ ನಡೆಯಲಿಲ್ಲವೇ? ಆದರೆ ನಮ್ಮ ಕಡೆ ಬರೆದ ಶ್ರೇಣಿ ಇಲ್ಲದ ಜಾಗ ಖಾಲಿ ಇರುವುದಿಲ್ಲ. ಬರೆಯದ ಶ್ರೇಣಿ ಬಂದು ಕೂರುತ್ತದೆ. ಯಜಮಾನರ ಊರಿನವನು, ಯಜಮಾನರ ಜಾತಿಯವನು, ಮನೆ ಒಳಗೆ ಕಾಫಿ ಕುಡಿಯುವವನು, ಇವರೆಲ್ಲ ತಾನೇ ತಾನಾಗಿ ಮೇಲೆ ಹೋಗುತ್ತಾರೆ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಪ್ಯಾಕಿಂಗ್ ಮಾಡುವ ಹೆಣ್ಣುಮಗಳಿಗೆ ಆ ಏಣಿ ಕಾಣುವುದೂ ಇಲ್ಲ, ಹತ್ತಲೂ ಆಗುವುದಿಲ್ಲ. ಗೋಡೆಗೆ ಅಂಟಿಸಿದ ಚಾರ್ಟ್ ಅವಳ ಪಾಲಿಗೆ ಒಂದು ರಕ್ಷಣೆ. ಬೆಂಗಳೂರಿನ ಹುಡುಗನಿಗೆ ಇದು ಹೊಳೆಯದಿದ್ದರೆ ಅವನ ತಪ್ಪಲ್ಲ.

ಶ್ರೇಣಿ ಅಂದರೆ ಮೇಲಿನಿಂದ ಕೆಳಗೆ ಗದರುವುದು ಅಂತಲೂ ಅಲ್ಲ. ನಿಮ್ಮ ಊರಿನ ಡೇರಿಯನ್ನೇ ನೋಡಿ. ಕೆಳಗೆ ಹಳ್ಳಿಯ ಹಾಲು ಉತ್ಪಾದಕರ ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ರಾಜ್ಯದ ಮಹಾಮಂಡಳಿ. ಮೂರು ಮೆಟ್ಟಿಲು. ಬೆಳಗ್ಗೆ ಕ್ಯಾನು ಹಿಡಿದು ನಿಂತ ರೈತ ಮಹಿಳೆ ಹಾಲು ನೀರಾಗಿದ್ದರೆ ಮಾತು ಕೇಳಲೇಬೇಕು. ಆದರೆ ಸಂಘದ ಆಡಳಿತ ಮಂಡಳಿಯನ್ನು ಆರಿಸುವವಳೂ ಅವಳೇ. ಆ ಸಂಘಗಳ ಪ್ರತಿನಿಧಿಗಳು ಒಕ್ಕೂಟದ ನಿರ್ದೇಶಕರನ್ನು ಆರಿಸುತ್ತಾರೆ. ನಿಯಮ ಮೇಲಿನಿಂದ ಇಳಿಯುತ್ತದೆ, ಅಧಿಕಾರ ಕೆಳಗಿನಿಂದ ಹತ್ತುತ್ತದೆ. ರಾಜಕೀಯ ಇಲ್ಲವೇ ಅಂತ ಕೇಳಬೇಡಿ. ಇದೆ. ಆದರೂ ದಿನಕ್ಕೆರಡು ಸಲ ಹಾಲು ಹೊರಡುತ್ತದೆ. ಕ್ಯಾನು ತಗೊಳ್ಳಲಾ ಬೇಡವಾ ಅಂತ ಯಾರೂ ಬೆಂಗಳೂರಿಗೆ ಫೋನ್ ಮಾಡುವುದಿಲ್ಲ.

ನಿಮ್ಮ ಅಳತೆಗೆ ಕೆಲಸದ ಪ್ರಕಾರ ವಿಂಗಡಿಸಿದ ಸರಳ ರಚನೆ ಸಾಕು. ಖರೀದಿ, ತಯಾರಿಕೆ, ಪ್ಯಾಕಿಂಗ್ ಮತ್ತು ಲೋಡಿಂಗ್, ಮಾರಾಟ, ಲೆಕ್ಕ. ಐದು ಡಬ್ಬ, ಐದು ಹೆಸರು. ಒಂದು ಹೆಸರು ಎರಡು ಕಡೆ ಬರಬಾರದು. ಬೆಲ್ಲದ ಪುಡಿಗೆ ಒಂದು ತಂಡ, ಅಚ್ಚಿಗೆ ಒಂದು ತಂಡ, ಎರಡಕ್ಕೂ ಬೇರೆ ಬೇರೆ ಮಾರಾಟದವರು ಅನ್ನುವ ವಿಭಾಗ ಪದ್ಧತಿ ದೊಡ್ಡವರಿಗೆ. ಮ್ಯಾಟ್ರಿಕ್ಸ್ ಅಂತ ಒಂದಿದೆ, ಐಟಿ ಕಂಪನಿಗಳಲ್ಲಿ ಒಬ್ಬನಿಗೆ ಪ್ರಾಜೆಕ್ಟಿನ ಬಾಸ್ ಬೇರೆ, ವಿಭಾಗದ ಬಾಸ್ ಬೇರೆ. ನಿಮಗೆ ಆ ಸಹವಾಸ ಬೇಡ, ಅಣ್ಣ ತಮ್ಮ ಇಬ್ಬರೇ ಸಾಕು.

ಎರಡು ಕಡೆ ಮಾತ್ರ ಗೋಡೆ ಕಟ್ಟಿ. ಗುಣಮಟ್ಟ ನೋಡುವವರು ತಯಾರಿಕೆಯವರ ಕೈಕೆಳಗೆ ಇರಬಾರದು. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಣ್ಣ ಬಿಳಿ ಮಾಡಿದ ಬೆಲ್ಲ ಹೊರಗಿನಿಂದ ಬಂದರೆ, ತೇವ ಜಾಸ್ತಿ ಇದ್ದರೆ, ಬೇಡ ಅನ್ನುವ ಧೈರ್ಯ ಅವರಿಗೆ ಬೇಕು. ಇವತ್ತಿನ ಲೋಡ್ ಹೊರಡಲೇಬೇಕು ಅನ್ನುವವರ ಕೆಳಗೆ ಕೂತರೆ ಅದು ಆಗದು. ಅವರು ನೇರ ನಿಮಗೆ ಹೇಳಲಿ. ಹಾಗೇ ಖರೀದಿ ಮಾಡುವವರೇ ಬಿಲ್ಲಿನ ಹಣವನ್ನೂ ಕೊಡಬಾರದು. ಇದಕ್ಕೆ ವಿವರಣೆ ಬೇಕಿಲ್ಲ ಅಂದುಕೊಳ್ಳುತ್ತೇನೆ.

ಖಾಲಿ ಇರುವ ಒಂದು ಡಬ್ಬಕ್ಕೆ ಬಾಣ ಹಾಕಿ ಪಾಕದ ಮೇಸ್ತ್ರಿಯನ್ನು ಪ್ಯಾಕಿಂಗ್ ಸೂಪರ್‌ವೈಸರ್ ಮಾಡುವ ಯೋಚನೆ ಬರೆದಿದ್ದೀರಿ. ಬೇಡ. ಲಾರೆನ್ಸ್ ಪೀಟರ್ ಅನ್ನುವವರು 1969ರಲ್ಲಿ ತಮಾಷೆಯಾಗಿ ಹೇಳಿದ ಮಾತು ಈಗ ನಿಯಮವೇ ಆಗಿಬಿಟ್ಟಿದೆ. ಕೆಲಸ ಚೆನ್ನಾಗಿ ಮಾಡಿದವನಿಗೆ ಬಡ್ತಿ ಕೊಡುತ್ತಾ ಹೋಗುತ್ತಾರೆ, ಕೊನೆಗೆ ಅವನಿಗೆ ಬಾರದ ಕೆಲಸದಲ್ಲಿ ತಂದು ನಿಲ್ಲಿಸುತ್ತಾರೆ. ನೀವು ಹಾಗೆ ಮಾಡಿದರೆ ಒಳ್ಳೆಯ ಪಾಕದವನೂ ಹೋದ, ಪ್ಯಾಕಿಂಗೂ ಕೆಟ್ಟಿತು. ಅವನ ಸಂಬಳ ಏರಿಸಿ. ಸೂಪರ್‌ವೈಸರ್‌ಗಿಂತ ಜಾಸ್ತಿ ಆದರೂ ಆಗಲಿ. ಅವನ ಕೈಕೆಳಗೆ ಇಬ್ಬರು ಹುಡುಗರನ್ನು ಕಲಿಯಲು ಬಿಡಿ. ಬಾಸ್ ಮಾಡದೆಯೂ ಮರ್ಯಾದೆ ಕೊಡಬಹುದು. ಪ್ಯಾಕಿಂಗ್‌ಗೆ ಆ 22 ಜನರಲ್ಲೇ ಒಬ್ಬರು ಇದ್ದಾರೆ, ಹುಡುಕಿ. ಗಲಾಟೆ ಆದಾಗ ಉಳಿದವರು ಯಾರ ಮುಖ ನೋಡುತ್ತಾರೋ ಅವರು.

ಆಮೇಲೆ ಒಂದು ಹಾಳೆ ತಗೊಳ್ಳಿ. ಚಾರ್ಟ್ ಅಲ್ಲ, ಪಟ್ಟಿ. ನಿಮಗೆ ಒಂದು ವಾರ ಬಂದ ಫೋನ್‌ಗಳನ್ನೆಲ್ಲ ಬರೆದುಕೊಳ್ಳಿ. ಏನು ಕೇಳಿದರು ಅಂತ ಮಾತ್ರ. ಬೇರಿಂಗ್ ಹೋಗಿದೆ ತರಲಾ, ಒಬ್ಬಳಿಗೆ ಜ್ವರ ಕಳಿಸಲಾ, ಅಂಗಡಿಯವರು ಹದಿನೈದು ದಿನ ಸಾಲ ಕೇಳುತ್ತಾರೆ ಕೊಡಲಾ. ಒಂದೊಂದರ ಮುಂದೆ ಒಂದು ಹೆಸರು, ಒಂದು ಮಿತಿ. ಐದು ಸಾವಿರದವರೆಗಿನ ರಿಪೇರಿ ತಯಾರಿಕೆಯವರೇ ಮಾಡಿಸಲಿ, ಬಿಲ್ ತೋರಿಸಲಿ. ಎರಡು ದಿನದ ರಜೆ, ಎರಡು ಸಾವಿರದ ಅಡ್ವಾನ್ಸ್ ಪ್ಯಾಕಿಂಗ್ ಸೂಪರ್‌ವೈಸರ್ ಕೈಯಲ್ಲಿ. ಮೊತ್ತ ನಿಮ್ಮ ಅನುಕೂಲಕ್ಕೆ ಬದಲಾಯಿಸಿಕೊಳ್ಳಿ. ಮಿತಿಯೊಳಗೆ ಅವರು ತಪ್ಪು ಮಾಡಿದರೆ ಸಂಬಳದಲ್ಲಿ ಹಿಡಿಯಬೇಡಿ. ಒಂದು ಸಲ ಹಿಡಿದರೆ ಮರುದಿನದಿಂದ ಫೋನ್ ಮತ್ತೆ ನಿಮಗೇ. ಆ ಹಾಳೆಯನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ.

ನಿಮ್ಮ ಅಪ್ಪನ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅವರನ್ನು ಮನೆಯಲ್ಲಿ ಕೂರಿಸಬೇಡಿ. ಗೇಟಿನ ಹತ್ತಿರವೂ ಬೇಡ, ಅಲ್ಲಿ ಎಲ್ಲರೂ ಅಹವಾಲು ಹೇಳುತ್ತಾರೆ. ಕಬ್ಬು ಬಂದಾಗ, ಪಾಕ ಇಳಿಯುವಾಗ ಅವರು ಅಲ್ಲಿರಲಿ. ಬೆಲ್ಲದ ವಿಷಯದಲ್ಲಿ ಅವರ ಮಾತಿಗೆ ತೂಕ ಇದೆ, ಅದು ಹಾಳೆಯ ಮೇಲೂ ಬರಲಿ. ರಜೆ, ಅಡ್ವಾನ್ಸ್ ಕೇಳಿಕೊಂಡು ಬಂದರೆ ಅವರು ಹೇಳಬೇಕಾದ್ದು ಒಂದೇ. "ನನ್ನ ಕೈಲಿಲ್ಲ ಕಣವ್ವ, ಅಲ್ಲಿ ಕೇಳು." ಇದನ್ನು ಅವರಿಗೆ ಒಪ್ಪಿಸುವುದು ಸುಲಭ ಅಲ್ಲ ಅಂತ ಗೊತ್ತು. ಆಲೆಮನೆಯಲ್ಲಿ ಪಾಕದವನ ಮಾತನ್ನು ಅವರು ಎಂದಾದರೂ ದಾಟಿದ್ದರಾ ಅಂತ ಕೇಳಿ ಶುರು ಮಾಡಿ.

ಇನ್ನೊಬ್ಬ ಮ್ಯಾನೇಜರ್? ಈಗ ಬೇಡ. ಆ ಹಾಳೆ ಆರು ತಿಂಗಳು ನಡೆಯಲಿ, ಆಮೇಲೆ ನೋಡೋಣ. ಅಷ್ಟರೊಳಗೆ, ಬಿಟ್ಟು ಹೋದ ಆ ಮ್ಯಾನೇಜರ್‌ಗೆ ಒಂದು ಫೋನ್ ಮಾಡಿ. ವಾಪಸ್ ಬನ್ನಿ ಅಂತ ಕರೆಯಲು ಅಲ್ಲ. ಕೆಲಸ ಬಿಡಬೇಕು ಅಂತ ಅವರಿಗೆ ಅನ್ನಿಸಿದ್ದು ಯಾವ ದಿನ, ಆ ದಿನ ಏನಾಯಿತು ಅಂತ ಕೇಳಿ. ತಮ್ಮನೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ.